ಒಂದೂವರೆ ಟಿಕೆಟು

ಹೋಟೆಲಿನ ಮೂರನೆಯ ಮಹಡಿ,
ಹದಿನಾಲ್ಕನೇ ತಾರೀಖು, ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಮ್ಮನಿಗೆ, ಮಗಳ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲ "ನಾಳೆಯಿಂದ" ಎನ್ನುತ್ತಲೇ ಇದ್ದೀಯೋ? ಕಣ್ಣಿನ ಹನಿ ಮುಗಿದಿದ್ದರೆ ಅಡುಗೆಮನೆಯ ಮೇಲಿನ ಗೂಡಿನಲ್ಲಿ ಇನ್ನೊಂದು ಬಾಟಲಿ ಇಟ್ಟಿದ್ದೇನೆ, ಸಕ್ಕರೆ ಡಬ್ಬದ ಹಿಂದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಇದನ್ನೇ ಮೊದಲು ಬರೆಯಬೇಕಿತ್ತು. ಸೋಮವಾರದಿಂದ ನೀನು ಅನ್ನ ನೀರು ಬಿಟ್ಟು ಕೂತಿರುತ್ತೀಯ ಎಂದು ಗೊತ್ತು. ಮೊಮ್ಮಗಳಿಗೆ ಮುಂದಿನ ಇನ್ನೊಂದು ಹಲ್ಲೂ ಮಂಗಳವಾರ ಬಿತ್ತು. ಈಗ ನಕ್ಕರೆ ಬಾಗಿಲು ತೆಗೆದಿಟ್ಟ ಮನೆಯ ಹಾಗೆ ಕಾಣುತ್ತಾಳೆ. ಅಜ್ಜಿಗೆ ತೋರಿಸಬೇಕು ಎಂದು ಹಲ್ಲನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದಾಳೆ.

ಈ ಪತ್ರವನ್ನು ನಿನ್ನ ವಿಳಾಸಕ್ಕೆ ಕಳಿಸದೆ ಟೈಲರಮ್ಮನ ಅಂಗಡಿಗೆ ಕಳಿಸಿದ್ದೇಕೆ ಎಂದು ನಿನಗೆ ಆಗಲೇ ಹೊಳೆದಿರಬೇಕು. ಕಣ್ಣಿಗೆ ಅಕ್ಷರ ಕಾಣದಾದ ಮೇಲೆ ನಿನ್ನ ಪತ್ರ, ನಿನ್ನ ಬ್ಯಾಂಕಿನ ಕಾಗದ, ನಿನ್ನ ಔಷಧದ ಚೀಟಿ ಎಲ್ಲವನ್ನೂ ಓದಿ ಹೇಳುವವರು ನಿನ್ನ ಅಳಿಯಂದಿರೇ ತಾನೆ. ಪ್ರತಿ ಭಾನುವಾರ ಬಂದು, ಕಾಲು ಚಾಚಿ ಕೂತು, ಕಾಫಿ ಕುಡಿಯುತ್ತಾ ಎಷ್ಟು ತಾಳ್ಮೆಯಿಂದ ಓದುತ್ತಾರೆ! "ಹೆತ್ತ ಮಗನಾಗಿದ್ರೂ ಇಷ್ಟು ಮಾಡ್ತಿರ್ಲಿಲ್ಲ" ಎಂದು ನೀನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೀಯ. ಅದು ಸುಳ್ಳಲ್ಲ ಅಮ್ಮಾ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಗಾದೆಯನ್ನು ನೀನೇ ನನಗೆ ಕಲಿಸಿದ್ದು, ಆದರೆ ಅದು ನಮ್ಮ ಮನೆಗೇ ಹೊಂದುತ್ತದೆ ಎಂದು ನಿನಗೆ ಒಂದು ದಿನವೂ ಅನಿಸಲಿಲ್ಲ. ಟೈಲರಮ್ಮ, ದಯವಿಟ್ಟು ಅಂಗಡಿಯ ಬಾಗಿಲು ಅರ್ಧ ಎಳೆದು, ಮಿಷನ್ ನಿಲ್ಲಿಸಿ, ಮೆಲ್ಲಗೆ ಓದಿ. ಅಮ್ಮ ನಡುವೆ ಅಳುತ್ತಾಳೆ. ಅವಳ ಕೈಯಲ್ಲಿ ಒಂದು ಲೋಟ ನೀರು ಕೊಟ್ಟು ಮುಂದುವರಿಸಿ.

ಊರಿನ ಹೆಸರು ಹಾಕಿಲ್ಲ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಸುಳ್ಳು ಬೇಕಾಗಿಲ್ಲ. ಪತ್ರವನ್ನು ಬೇರೆ ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಅಲ್ಲಿಂದಲೇ ಅಂಚೆಗೆ ಹಾಕಿಸುತ್ತೇನೆ, ಮುದ್ರೆ ನೋಡಿದರೂ ಏನೂ ತಿಳಿಯದು. ಫೋನನ್ನು ಮನೆಯಲ್ಲೇ ಬಿಟ್ಟು ಬಂದೆ. ಅದು ಕೈಯಲ್ಲಿದ್ದರೆ ನಾನೆಲ್ಲಿದ್ದೇನೆ ಎಂದು ನಿನ್ನ ಅಳಿಯಂದಿರಿಗೆ ಕಾಣುತ್ತದಂತೆ, ಹಾಗೆಂದು ಅವರೇ ಒಮ್ಮೆ ನಗುತ್ತಾ ಹೇಳಿದ್ದರು.

ಹೊರಟ ಕಥೆ ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಅವರು ಡ್ಯೂಟಿಯ ರೈಲು ಹತ್ತಿ ಹೋದ ಒಂದು ಗಂಟೆಯ ಮೇಲೆ ನಾವು ಸ್ಟೇಷನ್ನಿನಲ್ಲಿದ್ದೆವು. ಟಿ.ಸಿ.ಯ ಹೆಂಡತಿಯಾಗಿ ಹನ್ನೊಂದು ವರ್ಷ ಪಾಸಿನ ಮೇಲೇ ಓಡಾಡಿದವಳು ನಾನು. ಟಿಕೆಟ್ ಕಿಟಕಿಯ ಎದುರು ನಿಂತಿದ್ದು ಅದೇ ಮೊದಲು. "ಎಲ್ಲಿಗೆ?" ಎಂದರು ಒಳಗಿದ್ದವರು. ಎಲ್ಲಿಗೆ ಎಂದು ನಾನೂ ಇನ್ನೂ ಯೋಚಿಸಿರಲಿಲ್ಲ! ಹಿಂದಿನವರು ಗೊಣಗತೊಡಗಿದರು. ಮೊದಲು ಹೊರಡುವ ರೈಲು ಯಾವುದೋ ಅದರ ಕೊನೆಯ ಊರಿನ ಹೆಸರನ್ನು ಬೋರ್ಡು ನೋಡಿ ಹೇಳಿದೆ. "ಎಷ್ಟು ಜನ?" ಎಂದರು. ಒಂದು ಪೂರ್ತಿ, ಒಂದು ಅರ್ಧ ಎಂದೆ. ದರ ಕೇಳಿ ಬೆಚ್ಚಿಬಿದ್ದೆ. ಒಬ್ಬ ಮನುಷ್ಯ ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಇಷ್ಟು ಕೊಡಬೇಕೆಂದು ನನಗೆ ಗೊತ್ತೇ ಇರಲಿಲ್ಲ. ಟೈಲರಮ್ಮನಿಗೆ ಗುಂಡಿ, ಕಾಜ ಹೊಲಿದುಕೊಟ್ಟು ಕೂಡಿಟ್ಟಿದ್ದ ದುಡ್ಡು ಅದು. (ಹೌದಮ್ಮಾ, ಅವರ ಹತ್ತಿರವೇ ಇಟ್ಟಿದ್ದೆ. ಅವರನ್ನು ಬೈಯಬೇಡ.) ಆ ಒಂದೂವರೆ ಟಿಕೆಟನ್ನು ಮಗಳ ಕೈಯಲ್ಲಿ ಕೊಟ್ಟೆ. ಪರೀಕ್ಷೆ ಪಾಸಾದವಳ ಹಾಗೆ ಎದೆಗೊತ್ತಿ ಹಿಡಿದುಕೊಂಡಳು.

ಇನ್ನು ನಾನು ಮಾಡಿದ ತಪ್ಪು. ಇದನ್ನು ರೈಲ್ವೆಯವರ ಹೆಂಡತಿಯಲ್ಲದೆ ಇನ್ನಾರೂ ಮಾಡಲಾರರು. ರೈಲು ಹೊರಟು ಮುಕ್ಕಾಲು ಗಂಟೆಯಾಗಿತ್ತು. ನೀಲಿ ಕೋಟಿನ ಟಿ.ಸಿ. ಒಬ್ಬರು ಬಂದು "ಟಿಕೆಟ್" ಎಂದು ಕೈ ನೀಡಿದರು. ನನ್ನ ಗುರುತಿನವರಲ್ಲ. ಆದರೆ ಅದೇ ಕೋಟು, ಅದೇ ಬೂಟಿನ ಸದ್ದು. ಕೈ ತನ್ನಷ್ಟಕ್ಕೆ ತಾನೇ ಪರ್ಸಿಗೆ ಹೋಗಿ, ಹನ್ನೊಂದು ವರ್ಷದ ಅಭ್ಯಾಸದಂತೆ, ಕುಟುಂಬದ ಪಾಸನ್ನು ಎಳೆದು ಅವರಿಗೆ ಕೊಟ್ಟುಬಿಟ್ಟಿತು. ಅದರ ಮೇಲೆ ನಿನ್ನ ಅಳಿಯಂದಿರ ಹೆಸರು, ನಂಬರು, ಡಿಪೋ ಎಲ್ಲಾ ಇದೆ. "ಓ, ನಮ್ಮವ್ರೇನಾ" ಎಂದು ಅವರು ಟೊಪ್ಪಿಗೆ ಮುಟ್ಟಿಕೊಂಡರು, ನಂಬರನ್ನು ಪುಸ್ತಕಕ್ಕೆ ಇಳಿಸಿಕೊಂಡರು. ಅಷ್ಟರಲ್ಲಿ ಮಗಳು ಟಿಕೆಟು ಎತ್ತಿ ಹಿಡಿದು "ಅಮ್ಮಾ, ನಾವು ಟಿಕೆಟ್ ತಗೊಂಡಿದ್ದೀವಲ್ಲಾ" ಎಂದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಾಸ್ ಇಟ್ಕೊಂಡು ಟಿಕೆಟ್ ತಗೊಂಡೋರನ್ನ ಇವತ್ತೇ ನೋಡಿದ್ದು ನಾನು" ಎಂದರು. ಒಳ್ಳೆಯ ಮನುಷ್ಯ, ಮಗುವಿಗೆ ಪೆಪ್ಪರಮಿಂಟು ಕೊಟ್ಟು ಹೋದರು.

ಆ ನಂಬರಿಗಿಂತ ನನಗೆ ಹೆದರಿಕೆಯಾಗಿದ್ದು ಆ ನಗುವಿಗೆ. ನಂಬರನ್ನು ಯಾರಾದರೂ ಹುಡುಕಿ ತೆಗೆಯಬೇಕು, ನಗು ತಾನೇ ಊರೂರು ಸುತ್ತುತ್ತದೆ. ರೈಲ್ವೆ ಕ್ಯಾಂಟೀನಿನಲ್ಲಿ ಒಂದು ತಮಾಷೆ ಎಷ್ಟು ಬೇಗ ಹಬ್ಬುತ್ತದೆ ಎಂದು ಹನ್ನೊಂದು ವರ್ಷ ಕೇಳಿಸಿಕೊಂಡವಳು ನಾನು. ಸಂಜೆಯೊಳಗೆ ಅದು ನಿನ್ನ ಅಳಿಯಂದಿರ ಕಿವಿಗೆ ಬೀಳುತ್ತದೆ, ಅವರೂ ಎಲ್ಲರ ಜೊತೆ ನಗುತ್ತಾರೆ, ಆಮೇಲೆ ಯಾವ ರೈಲು ಎಂದು ಸಹಜವಾಗಿ ಕೇಳುತ್ತಾರೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಕೊನೆಯ ಊರಿಗೆ ಹೋಗದೆ ನಡುವಿನ ಒಂದು ಸ್ಟೇಷನ್ನಿನಲ್ಲಿ ಇಳಿದುಬಿಟ್ಟೆ. ಆದರೆ ಆ ದಾರಿಯಲ್ಲಿ ಹೋಟೆಲು ಇರುವ ಊರುಗಳು ಬೆರಳೆಣಿಕೆಯಷ್ಟೇ, ಅವರಿಗೆ ಎಲ್ಲವೂ ಬಾಯಿಪಾಠ.

ಈ ಹೋಟೆಲು ಸ್ವಚ್ಛವಾಗಿದೆ. ಎರಡು ಮಂಚ, ಒಂದು ಕುರ್ಚಿ, ಸದಾ ತೊಟ್ಟಿಕ್ಕುವ ನಲ್ಲಿ. ರಿಜಿಸ್ಟರಿನಲ್ಲಿ ಹೆಸರು ಬರೆಯಿರಿ ಎಂದಾಗ ನಿನ್ನ ಹೆಸರು ಬರೆದೆ. ಮ್ಯಾನೇಜರು ದಪ್ಪ ಕನ್ನಡಕದ ಹೆಂಗಸು. ಗುರುತಿನ ಚೀಟಿ ಕೇಳಿದರು, ಮನೆಯಲ್ಲಿ ಮರೆತೆ ಎಂದೆ. ನನ್ನನ್ನೂ ಮಗುವನ್ನೂ ಒಂದು ಗಳಿಗೆ ನೋಡಿ, "ಆಮೇಲೆ ಕೊಡಿ" ಎಂದು ಬೀಗದ ಕೈ ಕೊಟ್ಟರು. ಮೂರು ದಿನವಾಯಿತು, ಇನ್ನೂ ಕೇಳಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ನಾನು ಅದು ಯಾವ ಕೋಣೆಯ ಮುಂದೆ ನಿಲ್ಲುತ್ತದೆ ಎಂದು ಕೇಳಿಸಿಕೊಳ್ಳುತ್ತೇನೆ. ಹೆದರಿದವಳಿಗೆ ಹಗ್ಗವೂ ಹಾವೇ. ನಿನ್ನೆ ಹಾಗೆ ನಿಂತ ಸದ್ದು ಒಗೆದ ಚಾದರ ತಂದವರದು.

ಕೋಣೆಯಲ್ಲೇ ಕೂತರೆ ಹುಚ್ಚು ಹಿಡಿಯುತ್ತದೆಂದು ದಿನಕ್ಕೊಮ್ಮೆ ಎದುರಿನ ಕೆಫೆಗೆ ಹೋಗುತ್ತೇವೆ. ನಿನಗೆ ಕೆಫೆ ಎಂದರೆ ಆಗದು, "ಒಂದು ಲೋಟ ಕಾಫಿಗೆ ಅಷ್ಟು ಕೊಡೋರಿಗೆ ಮನೇಲಿ ಒಲೆ ಇಲ್ವಾ" ಎನ್ನುತ್ತೀಯ. ಆದರೆ ಅಲ್ಲಿ ಒಂದು ಲೋಟ ಮುಂದಿಟ್ಟುಕೊಂಡು ಎರಡು ಗಂಟೆ ಕೂತರೂ ಏಕೆ, ಏನು ಎಂದು ಯಾರೂ ಕೇಳುವುದಿಲ್ಲ ಅಮ್ಮಾ. ಒಂಟಿ ಹೆಂಗಸರು ಪುಸ್ತಕ ಓದುತ್ತಾ, ಹೊರಗೆ ನೋಡುತ್ತಾ ಕೂತಿರುತ್ತಾರೆ. ಅವರ ಬೆನ್ನು ಬಾಗಿಲಿನ ಕಡೆಗಿರುತ್ತದೆ, ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚು. ನಾನು ಅಡುಗೆಮನೆಯ ಪಕ್ಕದ ಮೂಲೆಯಲ್ಲಿ, ಬಾಗಿಲಿಗೆ ಮುಖ ಮಾಡಿ ಕೂರುತ್ತೇನೆ. ಅಲ್ಲಿಂದ ಹಿಂದಿನ ಓಣಿಗೆ ದಾರಿಯಿದೆ. ಮಗಳು ಸಕ್ಕರೆ ಪೊಟ್ಟಣಗಳನ್ನು ಗುಟ್ಟಾಗಿ ಜೇಬಿಗಿಳಿಸುತ್ತಾಳೆ. ಕೆಫೆಯ ಯಜಮಾನಿ ನೋಡಿಯೂ ನೋಡದ ಹಾಗೆ ಇನ್ನೆರಡು ಇಟ್ಟು ಹೋಗುತ್ತಾರೆ. ನಿನ್ನೆ ಅವರು ಸೂಜಿ ಚುಚ್ಚಿ ಗಡುಸಾದ ನನ್ನ ಬೆರಳು ನೋಡಿ ಮಾತಿಗೆ ಕೂತರು. ಬೇರೊಂದು ಊರಿನಲ್ಲಿ ಅವರ ತಂಗಿಗೆ ಬಟ್ಟೆ ಹೊಲಿಯುವ ಕಾರ್ಖಾನೆಯಿದೆಯಂತೆ, ಕೆಲಸದವರಿಗೆ ಇರಲು ಕೋಣೆಯೂ ಇದೆಯಂತೆ. ವಿಳಾಸ ಬರೆದು ಕೊಟ್ಟಿದ್ದಾರೆ. ಒಬ್ಬರ ಮುಂದೆ ಬಾಯಿ ಬಿಟ್ಟರೆ ಏನಾಗುತ್ತದೋ ಎಂಬ ಭಯಕ್ಕೆ ನಾನಿನ್ನೂ ಹೂಂ ಎಂದಿಲ್ಲ.

ನನಗೆ ನಿನ್ನ ಭಯವೂ ಇದೆ ಅಮ್ಮಾ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಎರಡು ವರ್ಷದ ಹಿಂದೆ ಒಂದು ಚೀಲ ಹಿಡಿದು ನಿನ್ನ ಮನೆಗೆ ಬಂದಿದ್ದೆನಲ್ಲ. ನೀನು ಬಿಸಿ ಬಿಸಿ ಊಟ ಹಾಕಿದೆ, ಮೊಮ್ಮಗಳ ತಲೆ ಬಾಚಿದೆ, ಆಮೇಲೆ ಹಿತ್ತಿಲಿಗೆ ಹೋಗಿ ಅವರಿಗೆ ಫೋನು ಮಾಡಿದೆ. "ಇಬ್ರೂ ಇಲ್ಲೇ ಇದ್ದಾರೆ, ಗಾಬರಿ ಆಗ್ಬೇಡಿ." ನಿನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. "ಗಂಡಸ್ರಿಗೆ ಕೋಪ ಮೂಗಿನ ತುದೀಲೇ ಇರುತ್ತೆ, ನಾವೇ ಹೊಂದ್ಕೊಂಡು ಹೋಗ್ಬೇಕು" ಎಂದು ನೀನು ನನಗೆ ಹೇಳಿದೆ. ಅವರು ಹಣ್ಣು ಹಿಡಿದು ಬಂದರು, ನಿನ್ನ ಕಾಲಿಗೆ ಬಿದ್ದರು, ನಮ್ಮನ್ನು ಆಟೋದಲ್ಲಿ ಕರೆದುಕೊಂಡು ಹೋದರು. ಆ ರಾತ್ರಿಯಿಂದ ನನ್ನ ಎಡಗೈಯ ಕಿರುಬೆರಳನ್ನು ಪೂರ್ತಿ ಮಡಚಲು ಬರುವುದಿಲ್ಲ. ಬಾಗಿಲಿಗೆ ಸಿಕ್ಕಿತು ಎಂದು ನಿನಗೆ ಹೇಳಿದ್ದೆ. ಬಾಗಿಲಿಗೆ ಸಿಕ್ಕಿದ್ದು ನಿಜ, ಬಾಗಿಲು ಹಾಕಿದವರು ಯಾರು ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೈಲರಮ್ಮ, ಇಲ್ಲಿ ಸ್ವಲ್ಪ ನಿಲ್ಲಿಸಿ.

ಹನ್ನೊಂದು ವರ್ಷ ಸಹಿಸಿಕೊಂಡವಳಿಗೆ ಈಗೇನಾಯಿತು ಎಂದು ನೀನು ಕೇಳುತ್ತೀಯ. ನ್ಯಾಯವಾದ ಪ್ರಶ್ನೆಯೇ. ಕಳೆದ ಶುಕ್ರವಾರ ಒಂದು ವಿಷಯ ನಡೆಯಿತು. ನಾಲ್ಕು ಸಲ ಬರೆಯಲು ಹೋಗಿ ಬಿಟ್ಟೆ. ಎದುರಿಗೆ ಕೂತಾಗ ಹೇಳುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಬಾಗಿಲು ತಟ್ಟಿದರು. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ. ಬಂದವರು ಮ್ಯಾನೇಜರು. ಒಳಗೆ ಬಂದು, ಬಾಗಿಲು ಹಾಕಿ, ನಿಂತೇ ಮಾತಾಡಿದರು. "ಈಗ ಒಬ್ರು ಫೋನ್ ಮಾಡಿದ್ರು. ಏಳು ವರ್ಷದ ಹುಡುಗಿನ ಕರ್ಕೊಂಡು ಒಬ್ರು ಹೆಂಗಸು ಇಳ್ಕೊಂಡಿದ್ದಾರಾ ಅಂತ. ಮಗೂಗೆ ಮುಂದಿನ ಹಲ್ಲೊಂದು ಬಿದ್ದಿದೆ ಅಂದ್ರು. ಮನೇಲಿ ವಯಸ್ಸಾದ ಅತ್ತೆ ಅಳ್ತಾ ಕೂತಿದ್ದಾರೆ ಅಂದ್ರು. ತುಂಬಾ ಮರ್ಯಾದೆಯಿಂದ, ಜೇನು ಸುರಿದ ಹಾಗೆ ಮಾತಾಡಿದ್ರು. ಅದಕ್ಕೇ ಇಲ್ಲ ಅಂದೆ." ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನಮ್ಮನೇಲೂ ಹಂಗೇ ಮಾತಾಡೋರು ಒಬ್ರಿದ್ರು" ಎಂದರು, ಅಷ್ಟೇ. ಸಂಜೆಯೊಳಗೆ ಹೊರಡಿ, ಸ್ಟೇಷನ್ನಿಗೆ ಹೋಗಬೇಡಿ, ಬಸ್ಸಿಗೆ ಹೋಗಿ ಎಂದರು.

ನಿನ್ನ ಅಳಿಯಂದಿರು ಈ ದಾರಿಯ ಹೋಟೆಲುಗಳಿಗೆಲ್ಲ ಒಂದೊಂದಾಗಿ ಫೋನು ಮಾಡುತ್ತಿದ್ದಾರೆ ಎಂದಾಯಿತು. ನಾಳೆ ತಾವೇ ಬರುತ್ತಾರೆ. ನನಗೆ ತುಂಬಾ ಹೆದರಿಕೆಯಾಗುತ್ತಿದೆ ಅಮ್ಮಾ. ಕೆಫೆಯ ಯಜಮಾನಿಗೆ ಹೂಂ ಎಂದು ಬರುತ್ತೇನೆ, ಬೇರೆ ದಾರಿಯಿಲ್ಲ. ಬೇರೆ ಊರಿನಿಂದ ಅಂಚೆಗೆ ಹಾಕಿಸಲು ಈ ಪತ್ರವನ್ನೂ ಅವರ ಕೈಗೇ ಕೊಡುತ್ತೇನೆ. ಇದು ನಿನಗೆ ತಲುಪುವಷ್ಟರಲ್ಲಿ ನಾವು ಈ ಊರಿನಲ್ಲಿ ಇರುವುದಿಲ್ಲ.

ಅಳಿಯಂದಿರು ನಿನ್ನ ಬಾಗಿಲಿಗೆ ಮತ್ತೆ ಮತ್ತೆ ಬರುತ್ತಾರೆ. ಹಣ್ಣು ತರುತ್ತಾರೆ, ಕಣ್ಣಿನ ಆಪರೇಷನ್ ಮಾಡಿಸುತ್ತೇನೆ ಎನ್ನುತ್ತಾರೆ, ನಿಜವಾಗಿಯೂ ಅಳುತ್ತಾರೆ. ಅದಕ್ಕೆ ಕರಗಬೇಡ. ಟೈಲರಮ್ಮ ಓದಿ ಮುಗಿಸಿದ ಕೂಡಲೇ ಪತ್ರ ಒಲೆಗೆ ಹಾಕು. ಮಂಡಿಗೆ ಬಿಸಿನೀರಿನ ಚೀಲ ಇಡುವುದನ್ನು ತಪ್ಪಿಸಬೇಡ. ಮೊಮ್ಮಗಳು ಅಜ್ಜಿಗೆ ಎರಡು ಮುತ್ತು ಕಳಿಸಿದ್ದಾಳೆ, ಮೂರನೆಯದು ಟೈಲರಮ್ಮನಿಗಂತೆ.

ನಿನ್ನ ಆಶೀರ್ವಾದವೊಂದಿದ್ದರೆ ಸಾಕು ಎನ್ನುವ,
ನಿನ್ನ ಮಗಳು

ಮರೆತ ಮಾತು: ಬಟ್ಟೆ ತುಂಬಿದ್ದಾಯಿತು, ಬಸ್ಸಿಗೆ ಇನ್ನು ಅರ್ಧ ಗಂಟೆಯಿದೆ. ಇದನ್ನು ಬರೆಯದೆ ಹೋದರೆ ನೀನು ಅವರಿಗೆ ಮತ್ತೆ ಫೋನು ಮಾಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಆ ಶುಕ್ರವಾರ ಸಂಜೆ ಅವರು ಬಂದು ಬೂಟು ಬಿಚ್ಚಿದ ರೀತಿಯಲ್ಲೇ ಇಂದು ಹೊಡೆತವಿದೆ ಎಂದು ನನಗೆ ಗೊತ್ತಾಯಿತು. ಮಗಳಿಗೂ ಗೊತ್ತಾಯಿತು. ಅವರಿನ್ನೂ ಒಂದು ಮಾತೂ ಆಡಿರಲಿಲ್ಲ. ಅವಳು ಬರೆಯುತ್ತಿದ್ದ ಪುಸ್ತಕ ಮುಚ್ಚಿಟ್ಟು ಎದ್ದಳು. ಬೀದಿಯ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದಳು. ಕೊನೆಯದರ ಚಿಲಕ ಎಟುಕಲಿಲ್ಲ, ಸದ್ದಾಗದಂತೆ ಸ್ಟೂಲು ಎಳೆದುಕೊಂಡು ಹತ್ತಿ ಹಾಕಿದಳು. ಪಕ್ಕದ ಮನೆಯವರಿಗೆ ಕೇಳಿಸದಿರಲಿ ಎಂದು. ನಾನು ಅವಳಿಗೆ ಯಾವತ್ತೂ ಹಾಗೆ ಮಾಡು ಎಂದು ಹೇಳಿಕೊಟ್ಟಿಲ್ಲ, ನನ್ನನ್ನು ನೋಡಿ ಕಲಿತಿದ್ದಾಳೆ. ನಾನು ಚಿಕ್ಕವಳಿದ್ದಾಗ ಯಾರನ್ನು ನೋಡಿ ಕಲಿತೆ ಎಂದು ಬರೆಯುವುದಿಲ್ಲ ಅಮ್ಮಾ, ಟೈಲರಮ್ಮ ಓದುತ್ತಿದ್ದಾರೆ.