ಅಪ್ಪ ತಲೆಯಾಡಿಸಿದ್ದು

ಕಲ್ಲು ಕಾರ್ಖಾನೆಯ ಹಿಂದಿನ ಮನೆಯಿಂದ,
೧೨ ಜೂನ್, ಗುರುವಾರ ಮಧ್ಯಾಹ್ನ

ನನ್ನ ಮುದ್ದು ಪುಟ್ಟಿ,

ಹೇಗಿದ್ದೀಯೇ? ಸೊಂಟನೋವು ಕಡಿಮೆಯಾಯಿತೇ? ದಿನವಿಡೀ ನಿಂತು ಪಾಠ ಹೇಳುವವಳು, ಊಟದ ಹೊತ್ತಿಗಾದರೂ ಕೂತುಕೋ. ನಾನು ಗಟ್ಟಿಮುಟ್ಟಾಗಿದ್ದೇನೆ, ಬೈಯುವ ಶಕ್ತಿಯೂ ಹಾಗೇ ಇದೆ. ಆದರೆ ಈ ಸಲ ಬೈಸಿಕೊಳ್ಳಬೇಕಾದವಳು ನಾನೇ.

ಅಪ್ಪ ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಬೇಡವೆಂದರು ಎಂದು ನಿನಗೆ ಹೇಳಿದ್ದೆನಲ್ಲ, ಅವರು ಹಾಗೆ ಹೇಳಿಯೇ ಇರಲಿಲ್ಲ ಕಣೇ! ಇಪ್ಪತ್ತೆಂಟು ವರ್ಷ ಕಲ್ಲು ಕೊಯ್ಯುವ ಯಂತ್ರದ ಪಕ್ಕ ನಿಂತು ಅವರ ಕಿವಿ ಮಂದವಾಗಿರುವುದು ನಿನಗೂ ಗೊತ್ತು. ಅಲ್ಲಿ ಮೇಸ್ತ್ರಿ ಬಾಯಿ ಆಡಿಸಿದರೆ ಸಾಕು, ಎಲ್ಲರೂ ತಲೆಯಾಡಿಸುತ್ತಾರೆ. ಕೇಳಿಸಿತೋ ಇಲ್ಲವೋ ದೇವರೇ ಬಲ್ಲ. ಆಸ್ಪತ್ರೆಯಲ್ಲೂ ಅದನ್ನೇ ಮಾಡಿದ್ದಾರೆ. ರೋಗಿ ಮಾತ್ರ ಒಳಗೆ ಬರಲಿ ಎಂದು ನನ್ನನ್ನು ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿದ್ದರು. ಐದೇ ನಿಮಿಷ. ಡಾಕ್ಟರು ಕಂಪ್ಯೂಟರ್ ನೋಡುತ್ತಲೇ ಏನೇನೋ ಕೇಳಿದರಂತೆ, ಇವರು ಎಲ್ಲದಕ್ಕೂ ತಲೆಯಾಡಿಸಿ ಎದ್ದು ಬಂದರು. ಚಿಕಿತ್ಸೆ ಬೇಡವಂತೆ ಎಂದು ಬಾಗಿಲಲ್ಲಿದ್ದವಳು ನನಗೆ ಹೇಳಿದಳು. ಆಮೇಲೆ ನಾನು ಆರು ವಾರ ಹಠಮಾರಿ, ಮೊಂಡ ಎಂದು ಬೈದೆ. ಅದಕ್ಕೂ ತಲೆಯಾಡಿಸಿದರು ಪುಣ್ಯಾತ್ಮ!

ಮೊನ್ನೆ ಸೋಮವಾರ ಕೆಮ್ಮಿನ ಔಷಧಿಗೆಂದು ಹೋದೆವು. ಅಲ್ಲೊಬ್ಬ ವಯಸ್ಸಾದ ನರ್ಸಮ್ಮ ಸ್ಟೂಲು ಎಳೆದುಕೊಂಡು ಅಪ್ಪನ ಎದುರಿಗೇ ಕೂತರು. ಔಷಧಿ ಕುಡಿಯುವ ಬಗೆ ಹೇಳಿ, "ಈಗ ನಾನು ಹೇಳಿದ್ದನ್ನ ನಿಮ್ಮ ಮಾತಲ್ಲಿ ನನಗೆ ತಿರುಗಿ ಹೇಳಿ ಯಜಮಾನರೇ" ಎಂದರು. ಅಪ್ಪ ಪಿಳಿಪಿಳಿ ನೋಡಿ ತಲೆಯಾಡಿಸಿದರು. ಕಿವಿ ಕೇಳಿಸದೆಂದು ಆಕೆಗೆ ಅಲ್ಲೇ ಗೊತ್ತಾಯಿತು; ಫೈಲು ತೆರೆದು ನನಗೆ ಓದಿ ಹೇಳಿದರು: ಸಿಗರೇಟು ಸೇದುವವರು, ಚಿಕಿತ್ಸೆ ನಿರಾಕರಿಸಿದ್ದಾರೆ. ಸೇದುತ್ತೀರಾ ಎಂದರೂ, ಚಿಕಿತ್ಸೆ ಬೇಡವಾ ಎಂದರೂ ಇವರು ಹೂಂ ಎಂದು ತಲೆಯಾಡಿಸಿರಬೇಕು. ಸಿಗರೇಟಂತೆ! ಒಲೆಯ ಹೊಗೆಗೇ ಓಡಿಹೋಗುವ ಮನುಷ್ಯ. ನುಂಗಿದ್ದೆಲ್ಲ ಕಲ್ಲಿನ ಧೂಳು.

ನರ್ಸಮ್ಮ ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದರು: "ಚಿಕಿತ್ಸೆ ತೊಗೊಂಡ್ರೆ ಇನ್ನಷ್ಟು ಕಾಲ ಬದುಕಬಹುದು. ಬೇಕಾ?" ಅಪ್ಪ ಎರಡು ಸಲ ಓದಿ, ಕಾರ್ಖಾನೆಯಲ್ಲಿ ಕೂಗುವ ದನಿಯಲ್ಲಿ "ಬೇಕು! ಇದನ್ನ ಯಾರೂ ನನ್ನ ಕೇಳಲೇ ಇಲ್ಲವಲ್ಲ!" ಎಂದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. ಆ ಡಾಕ್ಟರ ಮೇಲೆ ಎಷ್ಟು ಸಿಟ್ಟು ಬಂತೋ, ದಿನವೂ ಅವರ ಎದುರಿಗೇ ಕೂತು ಉಣ್ಣುವ ನಾನೂ ಕೇಳಲಿಲ್ಲವಲ್ಲ ಎಂದು ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಅವತ್ತೇ ಮತ್ತೆ ಸ್ಕ್ಯಾನ್ ಮಾಡಿಸಿದರು; ಆರು ವಾರದಲ್ಲಿ ಗಡ್ಡೆ ಸ್ವಲ್ಪ ಬೆಳೆದಿದೆ. ಆದರೂ ಕಾಲ ಮಿಂಚಿಲ್ಲವಂತೆ; ಮುಂದಿನ ಬುಧವಾರ ಚಿಕಿತ್ಸೆ ಶುರು. ಫೈಲು ತಿದ್ದಿಸಿದ್ದೇನೆ. ಇನ್ನು ಮೇಲೆ ನಾನೂ ಒಳಗೆ ಕೂರುತ್ತೇನೆ, ಯಾರು ತಡೆಯುತ್ತಾರೋ ನೋಡೋಣ.

ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣಗೆ ಬಾಳು ಮಗಳೇ.

ನಿನ್ನ ಬಾಯಿಬಡುಕಿ
ಅಮ್ಮ

ಮುಖ್ಯವಾದದ್ದನ್ನೇ ಮರೆತೆ. ಅವತ್ತು ಫೋನಿನಲ್ಲಿ "ನಾನು ಬರಲಾ ಅಪ್ಪಾ?" ಎಂದು ಕೇಳಿದೆಯಲ್ಲ, ಉತ್ತರ ಬರಲಿಲ್ಲವೆಂದು ಮುನಿಸಿಕೊಂಡು ಫೋನು ಮಾಡುವುದನ್ನೇ ಬಿಟ್ಟೆ. ಅಪ್ಪ ಫೋನು ಹಿಡಿದುಕೊಂಡು ತಲೆಯಾಡಿಸುತ್ತಲೇ ಇದ್ದರು, ನಾನೇ ನೋಡಿದ್ದೇನೆ. ಇವತ್ತು ನಿನ್ನ ಪ್ರಶ್ನೆಯನ್ನು ದೊಡ್ಡಕ್ಷರದಲ್ಲಿ ಬರೆದು ತೋರಿಸಿ, ನರ್ಸಮ್ಮನ ಹಾಗೆ ತಿರುಗಿ ಹೇಳಿಸಿದೆ. "ಮಗಳು ಬರಲಾ ಅಂತ ಕೇಳ್ತಿದ್ದಾಳೆ. ನಾನು ಬಾ ಅಂತಿದ್ದೀನಿ" ಎಂದರು. ಬುಧವಾರದೊಳಗೆ ಬಾ.