ಲವಂಗದ ಘಮ

೧೮ ಫೆಬ್ರವರಿ ೨೦೦೩, ಮಂಗಳವಾರ. ಅರಸೀಕೆರೆ.

ಲವಂಗದ ವಾಸನೆ ಇನ್ನೂ ಮೂಗಿನಿಂದ ಹೋಗಿಲ್ಲ.

ಇವತ್ತು ನಾವು ನಡೆಸಿದ ಮದ್ಯವರ್ಜನ ಶಿಬಿರದ ಕೊನೆಯ ದಿನ. ಕುಡಿತ ಬಿಟ್ಟ ಗಂಡಸರು ಮೈಕಿನ ಮುಂದೆ ಅತ್ತರು, ಹೆಂಡತಿಯರು ಹಾರ ಹಾಕಿದರು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಲೋಟ ತೊಳೆಯುತ್ತಿದ್ದ ಅಡುಗೆಯ ದೇವೀರಮ್ಮ ನನ್ನನ್ನು ಮೂಲೆಗೆ ಕರೆದಳು.

"ಅಕ್ಕಾ, ಅವ್ರಿಗೆ ಕೊಟ್ಟ ಮಾತ್ರೆ ನಂಗೂ ಕೊಡ್ಸಿ. ನಾನೂ ಕುಡೀತೀನಿ. ನಿದ್ದೆ ಬರಕ್ಕಿಲ್ಲ, ಬದುಕೋದೇ ಬ್ಯಾಡ ಅನ್ನುಸ್ತೈತೆ. ಯಾರ್ಗೂ ಹೇಳ್ಬ್ಯಾಡಿ."

ವಾಸನೆ ಮುಚ್ಚಲು ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದಳು. ನಾಳೆ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

ಆಗಿನಿಂದ ಚಿಕ್ಕಮ್ಮನದೇ ನೆನಪು. ಚಿಕ್ಕಪ್ಪ ಕುಡಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಚಿಕ್ಕಮ್ಮ ಬಾಗಿಲು ಹಾಕಿಕೊಂಡು ಮಲಗಿದರೆ, ಗಾಳಿ ಸೋಕಿದೆ ಎಂದು ಮನೆಯವರು ತಾಯಿತ ಕಟ್ಟಿಸುತ್ತಿದ್ದರು. ಸಂಜೆ ಎದ್ದು ಬಂದು, ಕೊಬ್ಬರಿ ಹರವಿದ ಜಗಲಿಯ ಅಂಚಿನಲ್ಲಿ ಕೂತು ನನಗೆ ಜಡೆ ಹಾಕುತ್ತಿದ್ದಳು. ಕತ್ತಿನ ಹಿಂದೆ ಅವಳ ಉಸಿರು, ಲವಂಗದ ಘಮ. ಕೈ ನಡುಗಿ ಜಡೆ ಸಡಿಲವಾಗುತ್ತಿತ್ತು, ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ನನ್ನನ್ನು ಇನ್ನಷ್ಟು ಹೊತ್ತು ಹತ್ತಿರ ಕೂರಿಸಿಕೊಳ್ಳಲೆಂದೇ ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆ.

ಈಗ ಗೊತ್ತಾದ ಮೇಲೂ ಹಾಗೇ ಅಂದುಕೊಳ್ಳೋಣ ಅನ್ನಿಸುತ್ತಿದೆ.