ಸಿಗ್ನಲ್‌ನಲ್ಲಿ ಆಫ್ ಆಗುವ ಕಾರು

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿಗೆ,

ನೀನೂ ಮಕ್ಕಳೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಏಳು ವಾರವಾಯಿತು. ಉತ್ತರ ಬರೆಯಲು ಎರಡು ಸಲ ಕೂತೆ, ಎರಡು ಸಲವೂ ‘ಇಲ್ಲಿ ಎಲ್ಲರೂ ಕ್ಷೇಮ’ ಎಂಬಲ್ಲಿಗೆ ಬಂದು ಪೆನ್ನು ಮುಚ್ಚಿಟ್ಟೆ. ಬೈಯಬೇಡ. ಈ ಸಲ ಹೇಳುವುದಕ್ಕೆ ಸುದ್ದಿ ಇದೆ. ಬೇರೆ ಯಾರಿಗೆ ಹೇಳಿದರೂ ನನ್ನ ಮುಖ ನೋಡಿ ನಗುತ್ತಾರೆ.

ನಮ್ಮ ಕಾರು ನಿನಗೆ ಗೊತ್ತೇ ಇದೆ. ಇಪ್ಪತ್ತೆಂಟು ವರ್ಷ ಹಳೆಯದು, ಬೂದು ಬಣ್ಣ, ಹಿಂದೆ ಇಬ್ಬರು ಕೂತರೆ ಮೂರನೆಯವರು ಉಸಿರು ಬಿಗಿಹಿಡಿದು ಕೂರಬೇಕು. ಓಡುವಾಗ ಚೆನ್ನಾಗಿಯೇ ಓಡುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮಾತ್ರ ಎರಡು ಸಲ ಕೆಮ್ಮಿ, ಮೈಯೆಲ್ಲ ನಡುಗಿಸಿ ಆಫ್ ಆಗುತ್ತದೆ. ಐಡ್ಲಿಂಗ್ ಇಲ್ಲ ಅನ್ನುತ್ತಾರಲ್ಲ, ಅದು. ಒಂದು ವರ್ಷದಿಂದ ಇದೇ ಗೋಳು.

ನಿನ್ನ ಭಾವ ಇದಕ್ಕೆ ಕಂಡುಹಿಡಿದ ಉಪಾಯ ಕೇಳು. ಸಿಗ್ನಲ್ ಬಂದರೆ ಬಲಗಾಲಿನ ಬೆರಳಲ್ಲಿ ಬ್ರೇಕು, ಅದೇ ಕಾಲಿನ ಹಿಮ್ಮಡಿಯಲ್ಲಿ ಆಕ್ಸಿಲರೇಟರು. ಮುಖದಲ್ಲಿ ವಿಮಾನ ಇಳಿಸುವವರ ಗಾಂಭೀರ್ಯ. ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆದವರು ನೋಡು, ಮನೆಯಲ್ಲೂ ಗಡಿ ಹಾಕಿಟ್ಟಿದ್ದಾರೆ. ಅಡುಗೆಮನೆ ನನ್ನ ಕಡೆ, ಕಾರಿನ ಬಾನೆಟ್ ಅವರ ಕಡೆ. ನಾನು ಇಪ್ಪತ್ತೆರಡು ವರ್ಷದಿಂದ ಈ ಊರಿನ ಅರ್ಧ ದರ್ಜಿಗಳ ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುತ್ತಿರುವುದು ಅವರ ಲೆಕ್ಕದಲ್ಲಿ ಯಂತ್ರದ ಕೆಲಸವಲ್ಲ, ಬಟ್ಟೆಯ ಕೆಲಸ.

ಅವರ ಮೆಕ್ಯಾನಿಕ್‌ನನ್ನು ನಮ್ಮ ಬೀದಿಯವರು ಪಂಡಿತ ಎನ್ನುತ್ತಾರೆ. ಹೊಗಳಿ ಇಟ್ಟ ಹೆಸರೋ ಹೊಟ್ಟೆಯುರಿಯಿಂದ ಇಟ್ಟದ್ದೋ ತಿಳಿಯದು. ಅವನು ಎಂಜಿನ್ ಹತ್ತಿರ ಕಿವಿ ತಂದು, ಕಣ್ಣು ಮುಚ್ಚಿ, ತಲೆದೂಗಿ, ಕೊನೆಗೆ ಒಂದೇ ಸ್ಕ್ರೂ ತಿರುಗಿಸುತ್ತಾನೆ. ಆ ಸ್ಕ್ರೂ ತಿರುಗಿಸಿದರೆ ಎಂಜಿನ್ ಹುಚ್ಚು ಹಿಡಿದಂತೆ ಅರಚುತ್ತದೆ. ಅರಚುತ್ತಿರುವಷ್ಟು ದಿನ ಆಫ್ ಆಗುವುದಿಲ್ಲ, ನಿಜ. ವಾರ ಕಳೆಯುವುದರೊಳಗೆ ಮತ್ತೆ ಅದೇ ಕೆಮ್ಮು. ಕೇಳಿದರೆ, “ಪೆಟ್ರೋಲ್ ಸರಿ ಇಲ್ಲ ಸಾರ್” ಅಂತಾನೆ. ಮುಂದಿನ ಸಲ “ಪ್ಲಗ್ಗು ಸಾರ್.” ಅದರ ಮುಂದಿನ ಸಲ “ಹವಾಮಾನ ಸಾರ್.” ನಿನ್ನ ಭಾವ ಮನೆಗೆ ಬಂದು ಅದೇ ಗಿಣಿಪಾಠ ನನಗೆ ಒಪ್ಪಿಸುತ್ತಾರೆ, ತಾವೇ ಸಂಶೋಧನೆ ಮಾಡಿದವರ ಹಾಗೆ.

ಕಳೆದ ತಿಂಗಳು ನಾದಿನಿ ಬಂದಿದ್ದಳು. ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವಾಗ ದೊಡ್ಡ ವೃತ್ತದ ನಟ್ಟನಡುವೆ ಕಾರು ನಿಂತಿತು. ಹಿಂದಿನಿಂದ ಹಾರ್ನ್‌ಗಳ ಸುರಿಮಳೆ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಕೈಯೆತ್ತಿತು. ನಿನ್ನ ಭಾವ ಸ್ಟೇರಿಂಗ್ ಬಿಡದೆ ಹೇಳಿದರು: “ಇಳಿದು ಸ್ವಲ್ಪ ತಳ್ಳು.” ನಾನು ಇಳಿದೆ. ಐವತ್ತೆಂಟನೆಯ ವಯಸ್ಸಿನಲ್ಲಿ, ಮಂಡಿನೋವಿನ ಕಾಲಲ್ಲಿ, ಊರಿನ ಮುಂದೆ ಕಾರು ತಳ್ಳಿದೆ. ನಾದಿನಿ ಹಿಂದಿನ ಸೀಟಿನಿಂದ ಏಳಲೇ ಇಲ್ಲ. ಗಾಜು ಇಳಿಸಿ ಅಂದಳು: “ಅತ್ತಿಗೆ, ಇನ್ನೂ ಸ್ವಲ್ಪ ಜೋರಾಗಿ ತಳ್ಳಿ, ಈಗ ತಾನೇ ಒಂಚೂರು ಅಲ್ಲಾಡ್ತು!” ಆ ಗಳಿಗೆಯಲ್ಲಿ ಅಣ್ಣತಂಗಿ ಇಬ್ಬರನ್ನೂ ಕಾರಿನ ಸಮೇತ ಅಲ್ಲೇ ಬಿಟ್ಟು ಮನೆಗೆ ನಡೆದುಬಿಡಬೇಕು ಅನ್ನಿಸಿತು. ತಳ್ಳಿದೆ.

ಮರುವಾರ ಇವರು ತಮ್ಮ ಅಣ್ಣನ ಮನೆಗೆ ಎರಡು ದಿನಕ್ಕೆಂದು ಹೋದರು. ಬಸ್ಸಿನಲ್ಲಿ. ಆ ಕಾರನ್ನು ಪೇಟೆ ದಾಟಿಸುವ ಧೈರ್ಯ ಅವರಿಗೇ ಇಲ್ಲ. ಬಸ್ ಹೊರಟಿತೆಂದು ಖಾತ್ರಿಯಾದ ಮೇಲೆ ನಾನು ಬಾನೆಟ್ ಎತ್ತಿದೆ.

ಪುಟ್ಟಿ, ಅದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಕಾರ್ಬೊರೇಟರ್ ಅಂದರೆ ಗಾಳಿ, ಪೆಟ್ರೋಲ್ ಎರಡನ್ನೂ ಹದವಾಗಿ ಬೆರೆಸಿ ಎಂಜಿನ್‌ಗೆ ಕೊಡುವ ಡಬ್ಬಿ, ಅಷ್ಟೇ. ನಿಂತಲ್ಲೇ ಎಂಜಿನ್ ಆಡುವಾಗ ಪೆಟ್ರೋಲ್ ಒಂದು ಸಣ್ಣ ಹಿತ್ತಾಳೆ ಜೆಟ್ ಮೂಲಕ ಬರುತ್ತದೆ. ಅದರ ತೂತು ನಮ್ಮ ಹೊಲಿಗೆ ಸೂಜಿಯ ಕಣ್ಣಿಗಿಂತ ಸಣ್ಣದು. ಮೊದಲು ಎಂಜಿನ್ ಚಾಲೂ ಮಾಡಿ, ಆಫ್ ಆಗದಂತೆ ಒಂದು ಕೈಯಲ್ಲಿ ಆಕ್ಸಿಲರೇಟರ್ ಕೇಬಲ್ ಎಳೆದು ಹಿಡಿದು, ನನ್ನ ಉದ್ದ ಮೂತಿಯ ಎಣ್ಣೆಡಬ್ಬಿಯಿಂದ ಕಾರ್ಬೊರೇಟರಿನ ಬುಡದ ಸುತ್ತ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟೆ. ಹಿಂಬದಿಯಲ್ಲಿ ಒಂದು ಕಡೆ ಎಣ್ಣೆ ಸುರ್ರೆಂದು ಒಳಗೆ ಹೋಯಿತು, ಎಂಜಿನ್ನಿನ ದನಿ ಒಂದು ಕ್ಷಣ ಸಮವಾಯಿತು. ಬುಡದ ಪ್ಯಾಕಿಂಗ್ ಹರಿದು ಅಲ್ಲಿಂದ ಬೇಡದ ಗಾಳಿ ನುಗ್ಗುತ್ತಿತ್ತು. ಬಿಚ್ಚಿ ನೋಡಿದರೆ ನಮ್ಮ ಪಂಡಿತರು ಅಲ್ಲಿ ಗಮ್ ಬಳಿದಿದ್ದಾರೆ. ಆ ಗಮ್ಮಿನ ಒಂದು ಚೂರು ಜೆಟ್‌ನೊಳಗೆ ಕೂತಿದೆ. ಸಾಲದ್ದಕ್ಕೆ ಜೆಟ್‌ನ ಬಾಯಲ್ಲಿ ತಂತಿ ಆಡಿಸಿದ ಗೀರು. ಮೆದು ಹಿತ್ತಾಳೆಗೆ ತಂತಿ ತೂರಿಸುವವನು ಪಂಡಿತನಾದರೆ ಒರಳಿನಲ್ಲಿ ಗಡಿಯಾರ ಕುಟ್ಟುವವನನ್ನು ಏನೆನ್ನಬೇಕು?

ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಜೆಟ್ ತಂದೆ, ಒಂದು ಹಾಳೆ ಪ್ಯಾಕಿಂಗ್ ತಂದೆ. ಅಂಗಡಿಯವನು ಕೇಳಿದ: “ಯಜಮಾನ್ರು ಬರ್ಲಿಲ್ವಾ ಅಮ್ಮಾ? ಯಾವುದು ಅಂತ ಅವರಿಗೆ ಗೊತ್ತಿರುತ್ತೆ.” ಹಳೆಯ ಜೆಟ್ ಅವನ ಮುಂದಿಟ್ಟು, “ಇದರ ಮೇಲೆ ನಂಬರ್ ಇದೆಯಪ್ಪ, ನಿಮಗೆ ಓದೋಕೆ ಬರುತ್ತಲ್ಲ?” ಅಂದೆ. ಮನೆಗೆ ಬಂದು ರವಿಕೆಗೆ ಅಳತೆ ತೆಗೆದ ಹಾಗೆ ಹಾಳೆಯ ಮೇಲೆ ಬುಡದ ಗುರುತು ಹಾಕಿ ಪ್ಯಾಕಿಂಗ್ ಕತ್ತರಿಸಿದೆ. ಒಳದಾರಿಗಳನ್ನೆಲ್ಲ ಪೆಟ್ರೋಲ್‌ನಲ್ಲಿ ತೊಳೆದು ಸೈಕಲ್ ಪಂಪಿನಿಂದ ಊದಿದೆ. ಜೋಡಿಸಿ, ಎಂಜಿನ್ ಬಿಸಿಯಾಗಲು ಬಿಟ್ಟು, ಮಿಶ್ರಣದ ಸ್ಕ್ರೂ ಮೆಲ್ಲಗೆ ಒಳಗೆ ತಿರುಗಿಸುತ್ತ ಹೋದೆ. ತಡವರಿಸತೊಡಗಿದ ಕೂಡಲೇ ತುಸು ಹಿಂದಕ್ಕೆ. ಪಂಡಿತ ಬಿಗಿದಿಟ್ಟ ಇನ್ನೊಂದು ಸ್ಕ್ರೂ ಸಡಿಲಿಸಿದೆ. ಅರಚಾಟ ನಿಂತಿತು. ಹೊಸ ಬೆಲ್ಟ್ ಹಾಕಿದ ಹೊಲಿಗೆ ಯಂತ್ರದ ಹಾಗೆ ಒಂದೇ ಸಮ ಗುರುಗುಟ್ಟುತ್ತ ನಿಂತುಕೊಂಡಿತು. ನಾನು ಫೆಂಡರಿಗೆ ಒರಗಿ ಹತ್ತು ನಿಮಿಷ ಕೇಳುತ್ತ ನಿಂತೆ. ತಾನಾಗಿ ನಗು ಬಂತು.

ಇವರು ವಾಪಸ್ ಬಂದವರು ಕೀಲಿ ತಿರುಗಿಸಿ ಕಿವಿ ನಿಮಿರಿಸಿದರು. “ನೋಡಿದ್ಯಾ? ಎರಡು ದಿನ ರೆಸ್ಟ್ ಸಿಕ್ಕಿತು, ತಾನೇ ಸರಿಹೋಯ್ತು. ಪಂಡಿತ ಹೇಳಿದ್ದ.”

“ನಾನು ಬಿಚ್ಚಿ ಸರಿಮಾಡಿದೆ” ಅಂದೆ.

ಅವರ ಮುಖ ಬಿಳಿಚಿಕೊಂಡಿತು. ನಾಚಿಕೆಯಿಂದ ಅಂದುಕೊಂಡೆಯಾ? ಕಾರಿಗೆ ಏನಾಯಿತೋ ಅನ್ನುವ ಗಾಬರಿಯಿಂದ! ಕಾಫಿ ಕೂಡ ಕುಡಿಯದೆ ಕಾರನ್ನು ನೇರ ಪಂಡಿತನ ಹತ್ತಿರ ಒಯ್ದರು, ‘ಚೆಕ್’ ಮಾಡಿಸಲು. ಒಂದು ಗಂಟೆ ಬಿಟ್ಟು ಬಂದರು. ಗೇಟಿನ ಮುಂದೆಯೇ ಕಾರು ಕೆಮ್ಮಿ ಆಫ್ ಆಯಿತು. ಇಳಿದವರ ಮುಖದಲ್ಲಿ ಅದೆಂಥ ಗೆಲುವು ಅಂತೀಯ! “ನೀನು ಕೈ ಹಾಕಿದ್ದಕ್ಕೆ ನೋಡು ಏನಾಯ್ತು. ಎಲ್ಲಾ ಸೆಟ್ಟಿಂಗ್ ಹಾಳಾಗಿತ್ತಂತೆ. ಪಾಪ, ಅವನಿಗೂ ಸರಿಮಾಡೋಕೆ ಆಗ್ಲಿಲ್ಲ.”

ನಾನು ಒಳಗಿಂದ ನನ್ನ ಸ್ಕ್ರೂಡ್ರೈವರ್ ತಂದೆ. ಬಿಸಿ ಎಂಜಿನ್ ಚಾಲೂ ಮಾಡಿಸಿ, ಪಂಡಿತ ಮತ್ತೆ ತಿರುಗಿಸಿಟ್ಟಿದ್ದ ಎರಡೂ ಸ್ಕ್ರೂ ಅವರ ಕಣ್ಣೆದುರಿಗೇ ಹದಕ್ಕೆ ತಂದೆ. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಎಂಜಿನ್ ಮತ್ತೆ ಒಂದೇ ಸಮ ಆಡತೊಡಗಿತು. ಇವರು ಅದನ್ನು ನೋಡಿದರು, ನನ್ನ ಕೈ ನೋಡಿದರು. ಆಮೇಲೆ ಕೇಳಿದರು: “ಇಷ್ಟೇನಾ?”

“ಇಷ್ಟೇ” ಅಂದೆ.

ಮೂರು ವಾರವಾಯಿತು, ಕಾರು ಯಾವ ಸಿಗ್ನಲ್‌ನಲ್ಲೂ ನಿಂತಿಲ್ಲ. ಪಂಡಿತ ಎದುರು ಸಿಕ್ಕರೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಾನೆ. ನಿನ್ನ ಭಾವ ಮಾತ್ರ ಸ್ನೇಹಿತರ ಮುಂದೆ ‘ನಾವು ಕಾರ್ಬೊರೇಟರ್ ಬಿಚ್ಚಿದ್ವಿ’ ಅನ್ನುತ್ತಿದ್ದಾರೆ. ‘ನಾವು’! ಕೇಳಿ ನಗಬೇಕೋ ಉಗಿಯಬೇಕೋ ತಿಳಿಯದೆ ಹೊಲಿಗೆ ಯಂತ್ರದ ಪೆಡಲ್ ತುಳಿಯುತ್ತೇನೆ.

ಪತ್ರದಲ್ಲಿ ಬರೆದಿದ್ದೆಯಲ್ಲ, ಆ ನಿನ್ನ ಕೆಮ್ಮು ಪೂರ್ತಿ ಹೋಗುವವರೆಗೂ ತಣ್ಣೀರು ಮುಟ್ಟಬೇಡ. ದೊಡ್ಡವಳ ಪರೀಕ್ಷೆ ಚೆನ್ನಾಗಿ ಆಗಲಿ, ಚಿಕ್ಕವನ ಹಟ ಕಡಿಮೆಯಾಗಲಿ. ನಿಮ್ಮೆಲ್ಲರನ್ನೂ ದೇವರು ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಅಕ್ಟೋಬರಿನಲ್ಲಿ ಅಮ್ಮನಿಗೆ ಜಾಸ್ತಿಯಾಗಿದೆ, ಕೂಡಲೇ ಹೊರಡು ಅಂತ ನೀನು ಫೋನ್ ಮಾಡಿದ ದಿನ, ಬಸ್ ತಪ್ಪಿತು ಅಂತ ಹೇಳಿದ್ದೆನಲ್ಲ. ತಪ್ಪಿರಲಿಲ್ಲ. ಮೂರು ಗಂಟೆಗೆಲ್ಲ ಅಲ್ಲಿಗೆ ಮುಟ್ಟಿಸುವ ಹನ್ನೊಂದೂವರೆಯ ಬಸ್ಸಿಗೆ ಬ್ಯಾಗ್ ಹಿಡಿದು ಬಾಗಿಲು ದಾಟಿದ್ದೆ. ಇವರು ತಡೆದರು. “ಬಸ್ ಯಾಕೆ, ಪಂಡಿತ ಬರ್ತಿದ್ದಾನೆ, ಅರ್ಧ ಗಂಟೆ ಕೆಲಸ, ಕಾರಲ್ಲೇ ಹೋಗೋಣ.” ಅವತ್ತು ಇನ್ನೊಂದು ಬಸ್ ಇರಲಿಲ್ಲ. ಪಂಡಿತ ಕಾರ್ಬೊರೇಟರ್ ಬಿಚ್ಚಿ ಪೇಪರಿನ ಮೇಲೆ ಹರಡಿ ಐದು ಗಂಟೆಯವರೆಗೂ ಕೂತ. ನಾನು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಅವನು ಜೆಟ್‌ಗೆ ತಂತಿ ತೂರಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಹಾಗೆ ಮಾಡಬಾರದು ಅಂತ ಗೊತ್ತಿತ್ತು, ಪುಟ್ಟಿ. ಬಾಯಿ ಬಿಡಲಿಲ್ಲ. ಕಾರಿನ ವಿಷಯ ನನಗೇನು ತಿಳಿಯುತ್ತೆ ಅಂದುಕೊಂಡೆ. ಇಷ್ಟು ಹೊತ್ತು ಇವರಿಬ್ಬರನ್ನೂ ಆಡಿಕೊಂಡೆನಲ್ಲ, ಆ ಮೆಟ್ಟಿಲ ಮೇಲೆ ಕೂತವಳ ಮೇಲೆ ನನಗಿರುವ ತಿರಸ್ಕಾರದ ಮುಂದೆ ಅದು ಏನೇನೂ ಅಲ್ಲ.

ಸಂಜೆ ಆರಕ್ಕೆ ಅಮ್ಮ ಹೋದಳು ಅಂದೆ ನೀನು. ಅಲ್ಲಿಯವರೆಗೂ ಅವಳಿಗೆ ಎಚ್ಚರವಿತ್ತಾ? ನನ್ನನ್ನು ಕೇಳಿದಳಾ? ಕೇಳಿದ್ದರೂ ಬರೆ, ಕೇಳದಿದ್ದರೂ ಬರೆ. ಸುಳ್ಳು ಮಾತ್ರ ಬರೆಯಬೇಡ.